ನ್ಯೂಟ್ರಿನೊ ಸಿಕ್ಕಿದ್ದು ನಮ್ಮ ಕೆಜಿಎಫ್‌ನಲ್ಲಿ

ಬಂಗಾರಪೇಟೆಯಿಂದ ಮಾರಿಕುಪ್ಪಂ ಕಡೆ ಹೊರಟ ರೈಲು ಕೋರಮಂಡಲ್, ಊರಿಗಾಂ ದಾಟಿ ಚಾಂಪಿಯನ್ ನಿಲ್ದಾಣಕ್ಕೆ ಬರುತ್ತದೆ. ಸುತ್ತ ಸೈನೈಡ್ ದಿಬ್ಬಗಳು, ಕೆಲಸ ನಿಂತ ಶಾಫ್ಟ್‌ಗಳು. ಕೋಲಾರ ಜಿಲ್ಲೆಯ ಕೆಜಿಎಫ್ ಎಂಬ ಈ ಚಿನ್ನದ ಗಣಿಗಳ ನೆಲ ಚಿನ್ನಕ್ಕೆ ಹೆಸರಾದಷ್ಟೇ ಕಣಭೌತವಿಜ್ಞಾನಕ್ಕೂ ಹೆಸರಾಗಬೇಕಿತ್ತು.

ವಿಶ್ವಕಿರಣಗಳು ವಾತಾವರಣಕ್ಕೆ ಬಡಿದಾಗ ಮ್ಯುವಾನ್, ನ್ಯೂಟ್ರಿನೊ ಮುಂತಾದ ಕಣಗಳು ಹುಟ್ಟುತ್ತವೆ. ನೆಲದ ಮೇಲೆ ಮ್ಯುವಾನ್‌ಗಳ ಸುರಿಮಳೆ. ಅದರ ನಡುವೆ ನ್ಯೂಟ್ರಿನೊ ಗುರುತಿಸಲಾಗದು. ಬಂಡೆ ಮ್ಯುವಾನ್‌ಗಳನ್ನು ತಡೆಯುತ್ತದೆ, ನ್ಯೂಟ್ರಿನೊಗಳನ್ನು ಬಿಡುತ್ತದೆ. ಹಾಗಾಗಿ ವಿಜ್ಞಾನಿಗಳಿಗೆ ಬೇಕಾಗಿದ್ದು ಆಳ. ಅದನ್ನು ಇಲ್ಲಿನ ಕಾರ್ಮಿಕರು ಮೂರು ಕಿಲೋಮೀಟರ್‌ಗೂ ಮಿಕ್ಕಿ ತೋಡಿಟ್ಟಿದ್ದರು.

ಭೌತವಿಜ್ಞಾನಿ ಹೋಮಿ ಭಾಭಾ ಅವರ ಸೂಚನೆಯಂತೆ, ನಂಜನಗೂಡಿನಲ್ಲಿ ಹುಟ್ಟಿದ ವಿಜ್ಞಾನಿ ಬಿ.ವಿ. ಶ್ರೀಕಂಠನ್ 1951ರಲ್ಲಿ ಉಪಕರಣದೊಂದಿಗೆ ಗಣಿಗಿಳಿದರು. 1960ರ ದಶಕದ ಆರಂಭದಲ್ಲಿ ಸುಮಾರು 2.7 ಕಿ.ಮೀ. ಆಳದಲ್ಲಿ ತಿಂಗಳುಗಟ್ಟಲೆ ಕಾದರೂ ಒಂದು ಮ್ಯುವಾನ್ ಕೂಡ ಬರಲಿಲ್ಲ. ನ್ಯೂಟ್ರಿನೊ ಹುಡುಕಲು ಈ ಗಣಿಯೇ ತಕ್ಕ ಜಾಗವೆಂದು ಖಚಿತವಾಯಿತು.

ಚಾಂಪಿಯನ್ ರೀಫ್ ಗಣಿಯ 2.3 ಕಿ.ಮೀ. ಆಳದಲ್ಲಿ ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಜಪಾನಿನ ಒಸಾಕಾ ಸಿಟಿ ಮತ್ತು ಇಂಗ್ಲೆಂಡಿನ ಡರ್ಹಾಮ್ ವಿಶ್ವವಿದ್ಯಾಲಯಗಳು ಶೋಧಕಗಳನ್ನು ಗೋಡೆಗಳಂತೆ ನಿಲ್ಲಿಸಿದವು. ಮೇಲಿಂದ ಬರುವ ಕಣ ನೇರ ಕೆಳಗಿಳಿಯುತ್ತದೆ. ನ್ಯೂಟ್ರಿನೊ ಬಂಡೆಯಲ್ಲಿ ಡಿಕ್ಕಿಯಾಗಿ ಹುಟ್ಟಿಸಿದ ಮ್ಯುವಾನ್ ಅಡ್ಡಲಾಗಿಯೂ ಬರಬಲ್ಲದು. ಅಂಥ ಅಡ್ಡ ಜಾಡುಗಳು ಸಿಕ್ಕವು. 1965ರ ಆಗಸ್ಟ್‌ನಲ್ಲಿ ಫಲಿತಾಂಶ ಪ್ರಕಟವಾಯಿತು. ಅದೇ ತಿಂಗಳು ದಕ್ಷಿಣ ಆಫ್ರಿಕಾದ ಚಿನ್ನದ ಗಣಿಯಿಂದಲೂ ಇಂಥದೇ ವರದಿ ಬಂತು. ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೊ ಮನುಷ್ಯನಿಗೆ ಕಂಡದ್ದು ಆಗಲೇ ಮೊದಲು.

1980ರ ದಶಕದಲ್ಲಿ ಪ್ರೋಟಾನ್ ಸಾಯುತ್ತದೆಯೇ ಎಂದು ತಿಳಿಯಲು 140 ಟನ್ ಕಬ್ಬಿಣದ ಶೋಧಕ ಇಲ್ಲಿ ಕೆಲಸ ಮಾಡಿತು. ಆ ಪ್ರಶ್ನೆಗೆ ಇಂದಿಗೂ ಜಗತ್ತಿನಲ್ಲೆಲ್ಲೂ ಉತ್ತರ ಸಿಕ್ಕಿಲ್ಲ. 1990ರ ದಶಕದ ಆರಂಭದಲ್ಲಿ ಪ್ರಯೋಗಗಳು ನಿಂತವು. 2001ರ ಫೆಬ್ರವರಿ 28ರಂದು ಗಣಿಯೇ ಮುಚ್ಚಿತು. ಪಂಪುಗಳು ನಿಂತ ಮೇಲೆ ಸುರಂಗಗಳಲ್ಲಿ ನೀರು ತುಂಬಿತು.

ಕೆಜಿಎಫ್‌ನಲ್ಲಿ ಸಿಕ್ಕಂಥ ನ್ಯೂಟ್ರಿನೊಗಳನ್ನೇ ಅಳೆದು ಜಪಾನಿನ ಸೂಪರ್-ಕಮಿಯೊಕಾಂಡೆ ಶೋಧಕ 1998ರಲ್ಲಿ ಅವುಗಳಿಗೆ ದ್ರವ್ಯರಾಶಿ ಇದೆಯೆಂದು ತೋರಿಸಿತು. ಆ ಶೋಧಕ್ಕೆ 2015ರ ನೊಬೆಲ್‌ನಲ್ಲಿ ಪಾಲು ಸಿಕ್ಕಿತು. ನಮ್ಮ ದೇಶದ ಹೊಸ ನ್ಯೂಟ್ರಿನೊ ವೀಕ್ಷಣಾಲಯಕ್ಕೆ ತಮಿಳುನಾಡಿನ ತೇನಿ ಬಳಿ ಜಾಗ ಗೊತ್ತಾಗಿ ವರ್ಷಗಳೇ ಕಳೆದರೂ ಕಟ್ಟಡ ಮೇಲೆದ್ದಿಲ್ಲ.

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ವಿಜ್ಞಾನ ಶಿಕ್ಷಕರಲ್ಲಿ ಒಂದು ವಿನಂತಿ: ನ್ಯೂಟ್ರಿನೊ ಪಾಠವನ್ನು ಚಾಂಪಿಯನ್ ರೀಫ್‌ನಿಂದಲೇ ಆರಂಭಿಸಿ. ಅಲ್ಲಿ ಬಂಡೆ ಕೊರೆದವರಲ್ಲಿ ನಿಮ್ಮ ತರಗತಿಯ ಯಾವುದೋ ಮಗುವಿನ ತಾತನೂ ಇದ್ದಿರಬಹುದು.