ಆಟದ ಪೆಟ್ಟಿಗೆಯೊಳಗಿನ ನೀಲಿ ಲೇಸರ್

ಹೈ ಡೆಫಿನಿಷನ್ ಸಿನಿಮಾವನ್ನು ಮನೆಗೆ ತಲುಪಿಸಲು ಹೊರಟ ಎರಡು ಬಗೆಯ ಡಿಸ್ಕ್‌ಗಳು 2006ರಿಂದ 2008ರ ಫೆಬ್ರುವರಿವರೆಗೆ ಮಾರುಕಟ್ಟೆಯಲ್ಲಿ ಎದುರಾಳಿಗಳಾಗಿದ್ದವು. ಒಂದು ಸೋನಿ ಮತ್ತು ಅದರ ಜೊತೆಗಾರರ ಬ್ಲೂ-ರೇ. ಇನ್ನೊಂದು ತೋಷಿಬಾ ಮುಂದಾಳತ್ವದ ಎಚ್‌ಡಿ ಡಿವಿಡಿ. ನೋಡಲು ಎರಡೂ ಒಂದೇ: 12 ಸೆಂಟಿಮೀಟರ್ ಅಗಲದ ಹೊಳೆಯುವ ತಟ್ಟೆ. ಓದುವುದಕ್ಕೂ ಎರಡಕ್ಕೂ ಅದೇ ನೀಲಿ-ನೇರಳೆ ಲೇಸರ್. ಆದರೂ ಒಂದರ ಪ್ಲೇಯರ್‌ನಲ್ಲಿ ಇನ್ನೊಂದು ಓಡುತ್ತಿರಲಿಲ್ಲ. ಇವುಗಳಲ್ಲಿ ಯಾವುದು ಉಳಿಯಬೇಕೆಂಬುದನ್ನು ತೀರ್ಮಾನಿಸಿದ್ದರಲ್ಲಿ ಸಿನಿಮಾ ಪ್ಲೇಯರ್‌ಗಳಿಗಿಂತ ವಿಡಿಯೊ ಗೇಮ್ ಕನ್ಸೋಲ್‌ಗಳ ಪಾಲೇ ದೊಡ್ಡದು.

ಡಿಸ್ಕ್‌ನಲ್ಲಿ ಮಾಹಿತಿ ಅಡಗಿರುವುದು ಕಣ್ಣಿಗೆ ಕಾಣದಷ್ಟು ಸಣ್ಣ ಗುಳಿಗಳಲ್ಲಿ. ಒಳಗಿನಿಂದ ಹೊರಕ್ಕೆ ಸುತ್ತುವ ಸುರುಳಿಯೊಂದರ ಉದ್ದಕ್ಕೂ ಈ ಗುಳಿಗಳು ಸಾಲುಗಟ್ಟಿರುತ್ತವೆ. ತಿರುಗುವ ಡಿಸ್ಕ್‌ಗೆ ಲೇಸರ್ ಕಿರಣ ತಾಗಿದಾಗ ಗುಳಿಯಿಂದ ಮರಳುವ ಬೆಳಕು ಮಂಕಾಗಿರುತ್ತದೆ, ಸಮತಟ್ಟಾದ ಜಾಗದಿಂದ ಮರಳುವ ಬೆಳಕು ಪ್ರಖರವಾಗಿರುತ್ತದೆ. ಈ ಏರಿಳಿತದಿಂದಲೇ ಯಂತ್ರ ಸೊನ್ನೆ-ಒಂದುಗಳನ್ನು ಹೆಕ್ಕಿಕೊಳ್ಳುತ್ತದೆ. ಬೆಳಕಿನ ಚುಕ್ಕೆ ಚಿಕ್ಕದಾದಷ್ಟೂ ಗುಳಿಗಳನ್ನು ಚಿಕ್ಕದಾಗಿ, ಒತ್ತೊತ್ತಾಗಿ ಮೂಡಿಸಬಹುದು. ಚುಕ್ಕೆಯ ಅಗಲವನ್ನು ನಿರ್ಧರಿಸುವುದು ಎರಡು ಸಂಗತಿಗಳು: ಬೆಳಕಿನ ತರಂಗಾಂತರ ಮತ್ತು ಮಸೂರದ ನ್ಯೂಮರಿಕಲ್ ಅಪರ್ಚರ್, ಅಂದರೆ ಮಸೂರ ಎಷ್ಟು ಅಗಲವಾದ ಕೋನದಿಂದ ಕಿರಣಗಳನ್ನು ಒಂದೆಡೆ ಕೂಡಿಸಬಲ್ಲದು ಎಂಬ ಅಳತೆ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ಚುಕ್ಕೆಯ ಅಗಲದ ಒರಟು ಅಂದಾಜು ಸಿಗುತ್ತದೆ.

ಡಿವಿಡಿಯದು 650 ನ್ಯಾನೊಮೀಟರ್‌ನ ಕೆಂಪು ಲೇಸರ್, ಅಪರ್ಚರ್ 0.60. ಚುಕ್ಕೆ ಸುಮಾರು 1,080 ನ್ಯಾನೊಮೀಟರ್. ಬ್ಲೂ-ರೇಯ ಲೇಸರ್ 405 ನ್ಯಾನೊಮೀಟರ್, ಅಪರ್ಚರ್ 0.85, ಚುಕ್ಕೆ 480ರ ಆಸುಪಾಸು. ಅಗಲ ಅರ್ಧಕ್ಕಿಂತ ಕಡಿಮೆಯಾದರೆ ವಿಸ್ತೀರ್ಣ ಐದನೇ ಒಂದು ಭಾಗಕ್ಕೆ ಇಳಿಯುತ್ತದೆ. ಡಿವಿಡಿಯ ಒಂದು ಪದರದಲ್ಲಿ ಹಿಡಿಯುವುದು 4.7 ಗಿಗಾಬೈಟ್. ಅದರ ಐದು ಪಟ್ಟು ಸುಮಾರು 24. ಬ್ಲೂ-ರೇಯ ಒಂದು ಪದರದ ನಿಜವಾದ ಸಾಮರ್ಥ್ಯ 25 ಗಿಗಾಬೈಟ್. ಎಚ್‌ಡಿ ಡಿವಿಡಿಯದೂ 405 ನ್ಯಾನೊಮೀಟರ್ ಲೇಸರೇ, ಆದರೆ ಅಪರ್ಚರ್ 0.65 ಮಾತ್ರ. ಅದೇ ಲೆಕ್ಕದಲ್ಲಿ ಡಿವಿಡಿಯ ಮೂರು ಪಟ್ಟು ಬರಬೇಕು. ಬಂದದ್ದು 15 ಗಿಗಾಬೈಟ್. ಎರಡು ಪದರಗಳಿದ್ದರೆ ಒಂದು 50, ಇನ್ನೊಂದು 30.

ಹಾಗಿದ್ದರೆ ತೋಷಿಬಾ ಕಡಿಮೆಗೆ ತೃಪ್ತಿಪಟ್ಟದ್ದೇಕೆ? ಉತ್ತರ ಡಿಸ್ಕ್‌ನ ದಪ್ಪದಲ್ಲಿದೆ. ಡಿಸ್ಕ್ ತಿರುಗುವಾಗ ತುಸುವಾದರೂ ವಾಲುತ್ತದೆ. ವಾಲಿದಾಗ ಬೆಳಕಿನ ಚುಕ್ಕೆ ಒಂದು ಬದಿಗೆ ಬಾಲದಂತೆ ಎಳೆದುಕೊಳ್ಳುತ್ತದೆ. ಈ ದೋಷ ಅಪರ್ಚರ್‌ನ ಘನದೊಂದಿಗೆ, ಅಂದರೆ ಮೂರನೆಯ ಘಾತದೊಂದಿಗೆ ಏರುತ್ತದೆ. ಬೆಳಕು ಹಾದುಬರುವ ಪ್ಲಾಸ್ಟಿಕ್ ಪದರ ದಪ್ಪವಾದಷ್ಟೂ ಹೆಚ್ಚುತ್ತದೆ. 0.85ರಷ್ಟು ದೊಡ್ಡ ಅಪರ್ಚರ್ ಬಳಸಬೇಕಾದರೆ ಆ ಪದರವನ್ನು ಡಿವಿಡಿಯ 0.6 ಮಿಲಿಮೀಟರ್‌ನಿಂದ 0.1ಕ್ಕೆ ಇಳಿಸದೆ ಗತ್ಯಂತರವಿರಲಿಲ್ಲ. ಬ್ಲೂ-ರೇ ಹಾಗೇ ಮಾಡಿತು. ಮಾಹಿತಿ ಮೇಲ್ಮೈಗೆ ಅಷ್ಟು ಹತ್ತಿರ ಬಂದುದರಿಂದ ಒಂದು ಗೀರು ಬಿದ್ದರೂ ಅಪಾಯವಾಯಿತು. 2003ರಲ್ಲಿ ಜಪಾನಿನಲ್ಲಿ ಬಂದ ಮೊದಲ ಬ್ಲೂ-ರೇ ರೆಕಾರ್ಡರ್‌ನ ಡಿಸ್ಕ್‌ಗಳನ್ನು ಪ್ಲಾಸ್ಟಿಕ್ ಕವಚದೊಳಗೆ ಇಟ್ಟು ಮಾರಬೇಕಾಯಿತು. ಟಿಡಿಕೆ ಕಂಪನಿ ಗೀರು ತಡೆಯುವ ಗಟ್ಟಿ ಲೇಪನ ರೂಪಿಸಿದ ಮೇಲೆ ಕವಚ ಹೋಯಿತು. ಎಚ್‌ಡಿ ಡಿವಿಡಿ 0.6 ಮಿಲಿಮೀಟರನ್ನೇ ಉಳಿಸಿಕೊಂಡಿತು. ಡಿವಿಡಿ ಅಚ್ಚು ಹಾಕುತ್ತಿದ್ದ ಕಾರ್ಖಾನೆ ಸಣ್ಣಪುಟ್ಟ ಮಾರ್ಪಾಡಿನಿಂದ ಅದನ್ನೂ ತಯಾರಿಸಬಹುದಿತ್ತು. ಬ್ಲೂ-ರೇಗಾದರೆ ಹೊಸ ಯಂತ್ರಗಳೇ ಬೇಕು.

ಇಷ್ಟೊಂದು ಜಾಗ ಬೇಕಾಗುವುದೇಕೆ ಎಂಬುದಕ್ಕೂ ಸರಳ ಲೆಕ್ಕವಿದೆ. ಹೈ ಡೆಫಿನಿಷನ್ ಚಿತ್ರವೊಂದರಲ್ಲಿ 1920×1080, ಅಂದರೆ ಇಪ್ಪತ್ತು ಲಕ್ಷಕ್ಕೂ ಮಿಕ್ಕ ಬಿಂದುಗಳು. ಸೆಕೆಂಡಿಗೆ 24 ಚಿತ್ರಗಳಂತೆ ಎರಡು ತಾಸಿನ ಸಿನಿಮಾವನ್ನು ಕುಗ್ಗಿಸದೆ ಇಟ್ಟರೆ ಸುಮಾರು 1,000 ಗಿಗಾಬೈಟ್ ಬೇಕು. ಡಿವಿಡಿ ಕಾಲದ ಎಂಪೆಗ್-2 ವಿಧಾನದಿಂದ ಸೆಕೆಂಡಿಗೆ 20 ಮೆಗಾಬಿಟ್‌ಗೆ ಇಳಿಸಿದರೂ 18 ಗಿಗಾಬೈಟ್ ಆಗುತ್ತದೆ. ಹೊಸದಾಗಿ ಬಂದ ಎಚ್.264, ವಿಸಿ-1 ವಿಧಾನಗಳು ಅದೇ ಗುಣಮಟ್ಟವನ್ನು ಇನ್ನೂ ಕಡಿಮೆ ಜಾಗದಲ್ಲಿ ಕೊಡುತ್ತಿದ್ದವು. ಆದ್ದರಿಂದ 50 ದೊಡ್ಡದೋ 30 ಸಾಕೋ ಎಂಬ ಆಗಿನ ವಾದದಲ್ಲಿ ಸದ್ದೇ ಹೆಚ್ಚು. ಎಂಪೆಗ್-2 ಬಳಸಿದ ಮೊದಮೊದಲ ಕೆಲವು ಬ್ಲೂ-ರೇ ಡಿಸ್ಕ್‌ಗಳ ಚಿತ್ರ ಕಳಪೆಯೆಂದು ವಿಮರ್ಶಕರು ಮೂದಲಿಸಿದರೆ, ವಿಸಿ-1 ಬಳಸಿದ ಎಚ್‌ಡಿ ಡಿವಿಡಿಗಳು ಹೊಗಳಿಕೆ ಪಡೆದವು. ಎಚ್‌ಡಿ ಡಿವಿಡಿ ಪ್ಲೇಯರ್‌ಗಳಲ್ಲಿ ಇಂಟರ್‌ನೆಟ್ ಜೋಡಣೆ ಕಡ್ಡಾಯವಾಗಿತ್ತು, ಪ್ರದೇಶದ ಬೀಗ ಇರಲಿಲ್ಲ. ಬ್ಲೂ-ರೇ ಜಗತ್ತನ್ನು ಎ, ಬಿ, ಸಿ ಎಂದು ಮೂರು ಪ್ರದೇಶಗಳಾಗಿ ಹಂಚಿತು. ಅಮೆರಿಕ ಎ ಪ್ರದೇಶ, ಭಾರತ ಸಿ. ಅಮೆರಿಕದಲ್ಲಿರುವ ಮಗ ಅಲ್ಲಿಂದ ತಂದ ಬೀಗವಿರುವ ಡಿಸ್ಕ್ ಮೈಸೂರಿನ ಮನೆಯ ಪ್ಲೇಯರ್‌ನಲ್ಲಿ ಓಡದು. ಕೊಳ್ಳುವವರ ಕಡೆಯಿಂದ ನೋಡಿದರೆ ಸೋತ ಡಿಸ್ಕೇ ಕೆಲವು ವಿಷಯಗಳಲ್ಲಿ ವಾಸಿ.

ಈ ಎಲ್ಲಕ್ಕೂ ಮೂಲವಾದ ನೀಲಿ ಲೇಸರ್ ಜಪಾನಿನ ಶಿಕೊಕು ದ್ವೀಪದ ನಿಚಿಯಾ ಎಂಬ ಕಂಪನಿಯಲ್ಲಿ ಹುಟ್ಟಿತು. ಅಲ್ಲಿನ ಶೂಜಿ ನಕಮುರ ಗ್ಯಾಲಿಯಂ ನೈಟ್ರೈಡ್ ಹರಳುಗಳಿಂದ ಮೊದಲು ಪ್ರಖರ ನೀಲಿ ಎಲ್‌ಇಡಿಯನ್ನೂ 1990ರ ದಶಕದ ನಡುಭಾಗದಲ್ಲಿ ನೀಲಿ-ನೇರಳೆ ಲೇಸರನ್ನೂ ಮಾಡಿ ತೋರಿಸಿದರು. ಎಲ್‌ಇಡಿ ಕೆಲಸಕ್ಕಾಗಿ ಇಸಾಮು ಅಕಾಸಾಕಿ, ಹಿರೋಶಿ ಅಮಾನೊ ಜೊತೆಗೆ ಅವರಿಗೆ 2014ರ ಭೌತಶಾಸ್ತ್ರದ ನೊಬೆಲ್ ಬಂತು. 2002ರ ಫೆಬ್ರುವರಿ 19ರಂದು ಸೋನಿ, ಮತ್ಸುಶಿತ, ಫಿಲಿಪ್ಸ್, ಸ್ಯಾಮ್‌ಸಂಗ್ ಸೇರಿದಂತೆ ಒಂಬತ್ತು ಕಂಪನಿಗಳು ಬ್ಲೂ-ರೇಯನ್ನು ಪ್ರಕಟಿಸಿದವು. ಅದೇ ವರ್ಷ ತೋಷಿಬಾ ಮತ್ತು ಎನ್‌ಇಸಿ ತಮ್ಮ ಪ್ರತಿ-ಯೋಜನೆಯನ್ನು ಮುಂದಿಟ್ಟವು. ಡಿವಿಡಿ ಬರುವ ಮುನ್ನ 1995ರಲ್ಲೂ ಹೀಗೇ ಸೋನಿ-ಫಿಲಿಪ್ಸ್ ಒಂದು ಕಡೆ, ತೋಷಿಬಾ ಇನ್ನೊಂದು ಕಡೆ ನಿಂತಿದ್ದವು. ಕಂಪ್ಯೂಟರ್ ಕಂಪನಿಗಳ ಒತ್ತಡಕ್ಕೆ ಮಣಿದು ರಾಜಿಯಾಗಿದ್ದವು. 2005ರಲ್ಲಿ ಮತ್ತೆ ಸಂಧಾನಕ್ಕೆ ಕೂತರೂ 0.1 ಮತ್ತು 0.6 ಮಿಲಿಮೀಟರ್ ಪದರಗಳ ನಡುವೆ ಹೊಂದಿಕೆಯ ದಾರಿ ಸಿಗಲಿಲ್ಲ.

ಕನ್ಸೋಲ್‌ಗಳು ಕಣಕ್ಕೆ ಬಂದದ್ದು ಹಿಂದಿನ ಅನುಭವದ ಬಲದಿಂದ. 2000ದ ಮಾರ್ಚ್‌ನಲ್ಲಿ ಜಪಾನಿನಲ್ಲಿ ಬಿಡುಗಡೆಯಾದ ಸೋನಿಯ ಪ್ಲೇಸ್ಟೇಷನ್ 2 ಆಟಗಳ ಜೊತೆಗೆ ಡಿವಿಡಿ ಸಿನಿಮಾಗಳನ್ನೂ ಓಡಿಸುತ್ತಿತ್ತು. ಆಟಕ್ಕೆಂದು ಕೊಂಡ ಯಂತ್ರವೇ ಎಷ್ಟೋ ಮನೆಗಳ ಮೊದಲ ಡಿವಿಡಿ ಪ್ಲೇಯರ್ ಆಯಿತು. ಕನ್ಸೋಲ್ ವ್ಯಾಪಾರದ ರೀತಿಯೇ ಬೇರೆ. ಯಂತ್ರವನ್ನು ತಯಾರಿಕೆಯ ಖರ್ಚಿಗಿಂತ ಕಡಿಮೆ ಬೆಲೆಗೆ ಮಾರಿ, ಮಾರಾಟವಾಗುವ ಪ್ರತಿ ಆಟದ ಮೇಲೆ ಬರುವ ಹಣದಿಂದ ನಷ್ಟ ತುಂಬಿಕೊಳ್ಳುವುದು ಅಲ್ಲಿನ ರೂಢಿ. ಬರೀ ಸಿನಿಮಾ ಪ್ಲೇಯರ್ ಮಾರುವವರಿಗೆ ಆ ಅನುಕೂಲವಿಲ್ಲ. ಹೊಸ ಡಿಸ್ಕ್ ಬಂದಾಗ ಪ್ಲೇಯರ್ ಇಲ್ಲದವರು ಡಿಸ್ಕ್ ಕೊಳ್ಳುವುದಿಲ್ಲ, ಡಿಸ್ಕ್ ಸಿಗದಿದ್ದರೆ ಪ್ಲೇಯರ್ ಯಾರಿಗೂ ಬೇಡ. ಈ ಬಿಕ್ಕಟ್ಟನ್ನು ಮುರಿಯಲು ಸಿನಿಮಾಕ್ಕೆ ಸಂಬಂಧವಿಲ್ಲದ ಕಾರಣಕ್ಕೆ ಲಕ್ಷಗಟ್ಟಲೆ ಮನೆ ಸೇರುವ ಯಂತ್ರಕ್ಕಿಂತ ಒಳ್ಳೆಯ ಉಪಾಯವಿಲ್ಲ.

ಆ ಉಪಾಯಕ್ಕೆ ಸೋನಿ ತೆತ್ತ ಬೆಲೆ ಸಣ್ಣದಲ್ಲ. 2006ರ ನವೆಂಬರ್‌ನಲ್ಲಿ ಬಂದ ಪ್ಲೇಸ್ಟೇಷನ್ 3ರೊಳಗೆ ಬ್ಲೂ-ರೇ ಡ್ರೈವ್ ಕಡ್ಡಾಯವಾಗಿ ಇತ್ತು. ಅಮೆರಿಕದಲ್ಲಿ ಬೆಲೆ 499 ಮತ್ತು 599 ಡಾಲರ್. ಯಂತ್ರವನ್ನು ಬಿಚ್ಚಿ ಲೆಕ್ಕ ಹಾಕಿದ ಐಸಪ್ಲೈ ಸಂಸ್ಥೆ ಅದರ ತಯಾರಿಕೆಗೇ 800 ಡಾಲರ್‌ಗಿಂತ ಹೆಚ್ಚು ತಗಲುತ್ತದೆಂದು ಅಂದಾಜಿಸಿತು. ನೀಲಿ ಲೇಸರ್ ಡಯೋಡ್‌ಗಳು ಸಾಕಷ್ಟು ಸಿಗದೆ ಯುರೋಪಿನ ಬಿಡುಗಡೆ 2007ರ ಮಾರ್ಚ್‌ಗೆ ಮುಂದೆ ಹೋಯಿತು. 2007ರ ಮಾರ್ಚ್‌ಗೆ ಮುಗಿದ ಹಣಕಾಸು ವರ್ಷದಲ್ಲಿ ಸೋನಿಯ ಆಟದ ವಿಭಾಗ 232 ಶತಕೋಟಿ ಯೆನ್ ನಷ್ಟ ತೋರಿಸಿತು. ಆದರೂ ಆಗ ಸ್ಯಾಮ್‌ಸಂಗ್‌ನ ಮೊದಲ ಬ್ಲೂ-ರೇ ಪ್ಲೇಯರ್‌ನ ಬೆಲೆ ಸಾವಿರ ಡಾಲರ್ ಇದ್ದುದರಿಂದ ಸಿನಿಮಾಪ್ರಿಯರ ಪಾಲಿಗೆ ಪ್ಲೇಸ್ಟೇಷನ್ 3 ಅಗ್ಗದ ಪ್ಲೇಯರ್. ಸಾಫ್ಟ್‌ವೇರ್ ಬದಲಾಯಿಸಿ ಹೊಸ ಸೌಲಭ್ಯ ಸೇರಿಸಲು ಬರುತ್ತಿದ್ದುದರಿಂದ, ಬ್ಲೂ-ರೇ ನಿಯಮಗಳು ಹಂತಹಂತವಾಗಿ ಬದಲಾದಾಗ ಹಳೆಯ ಪ್ಲೇಯರ್‌ಗಳು ಹಿಂದುಳಿದರೂ ಇದು ಹಿಂದುಳಿಯಲಿಲ್ಲ. ಅದರ ಮಿದುಳಾದ ಸೆಲ್ ಚಿಪ್ಪನ್ನು ಸೋನಿ ರೂಪಿಸಿದ್ದು ಐಬಿಎಂ ಮತ್ತು ಅದೇ ತೋಷಿಬಾದ ಜೊತೆ ಸೇರಿ ಎಂಬುದು ಈ ಕಥೆಯ ಒಂದು ತಮಾಷೆ.

ಮೈಕ್ರೋಸಾಫ್ಟ್ ಬೇರೆ ದಾರಿ ಹಿಡಿಯಿತು. ಅದರ ಎಕ್ಸ್‌ಬಾಕ್ಸ್ 360 ಒಂದು ವರ್ಷ ಮೊದಲೇ, 2005ರ ನವೆಂಬರ್‌ನಲ್ಲಿ, ಸಾಮಾನ್ಯ ಡಿವಿಡಿ ಡ್ರೈವ್‌ನೊಂದಿಗೆ ಬಂದಿತ್ತು. ಮರುವರ್ಷ 199 ಡಾಲರ್‌ಗೆ ಪ್ರತ್ಯೇಕ ಎಚ್‌ಡಿ ಡಿವಿಡಿ ಡ್ರೈವ್ ಹೊರಬಂತು. ಯುಎಸ್‌ಬಿ ತಂತಿಯಿಂದ ಜೋಡಿಸಿಕೊಳ್ಳಬೇಕು. ಅದರಲ್ಲಿ ಸಿನಿಮಾ ಮಾತ್ರ, ಆಟಗಳಿಲ್ಲ. ಆಟಗಾರರ ದೃಷ್ಟಿಯಿಂದ ಇದು ಜಾಣ ನಿರ್ಧಾರ: ಯಂತ್ರ ಬೇಗ ಬಂತು, ಅಗ್ಗವಾಗಿ ಬಂತು, ಡಿವಿಡಿ ಡ್ರೈವ್ ಆಟದ ಮಾಹಿತಿಯನ್ನು ಪ್ಲೇಸ್ಟೇಷನ್ 3ರ ಬ್ಲೂ-ರೇ ಡ್ರೈವ್‌ಗಿಂತ ವೇಗವಾಗಿಯೂ ಓದಬಲ್ಲದಾಗಿತ್ತು. ಜಾಗದ ಕೊರತೆ ಮಾತ್ರ ಕಾಡಿತು. ಫೈನಲ್ ಫ್ಯಾಂಟಸಿ 13 ಎಂಬ ಆಟ ಪ್ಲೇಸ್ಟೇಷನ್‌ನಲ್ಲಿ ಒಂದೇ ಬ್ಲೂ-ರೇಯಲ್ಲಿ ಬಂದರೆ ಎಕ್ಸ್‌ಬಾಕ್ಸ್‌ಗೆ ಮೂರು ಡಿವಿಡಿ ಬೇಕಾದವು. ಆದರೆ ಡಿಸ್ಕ್ ಪೈಪೋಟಿಯ ದೃಷ್ಟಿಯಿಂದ ಆ ಬಿಡಿ ಡ್ರೈವ್ ಹೆಚ್ಚು ಸಹಾಯ ಮಾಡಲಿಲ್ಲ. ಒಳಗೇ ಕೂತ ಡ್ರೈವ್ ಎಲ್ಲ ಗಿರಾಕಿಗಳ ಮನೆಗೂ ಹೋಗುತ್ತದೆ. ಬಿಡಿಯಾಗಿ ಮಾರಿದ್ದು ಅದಕ್ಕೆಂದೇ ಹಣ ಕೊಡುವವರ ಮನೆಗೆ ಮಾತ್ರ. ನಿಂಟೆಂಡೊ ಈ ಜಗಳದ ಹತ್ತಿರವೂ ಸುಳಿಯಲಿಲ್ಲ. ಅದರ ವೀ ಕನ್ಸೋಲ್ ಸಿನಿಮಾ ಡಿವಿಡಿಯನ್ನೂ ಓಡಿಸುತ್ತಿರಲಿಲ್ಲ, ಆದರೂ ಆ ಪೀಳಿಗೆಯ ಮೂರು ಯಂತ್ರಗಳಲ್ಲಿ ಅತಿ ಹೆಚ್ಚು, ಹತ್ತು ಕೋಟಿಗೂ ಮಿಕ್ಕಿ, ಮಾರಾಟವಾದದ್ದು ಅದೇ.

ಕೊನೆಯ ಮಾತು ಹಾಲಿವುಡ್ ಸ್ಟುಡಿಯೊಗಳದಾಗಿತ್ತು. ತನ್ನ ಬೀಟಾಮ್ಯಾಕ್ಸ್ ವಿಡಿಯೊ ಕ್ಯಾಸೆಟ್ ವಿಎಚ್‌ಎಸ್ ಎದುರು ಸೋತ ಮೇಲೆ 1989ರಲ್ಲಿ ಕೊಲಂಬಿಯಾ ಪಿಕ್ಚರ್ಸನ್ನೇ ಕೊಂಡಿದ್ದ ಸೋನಿಗೆ ಈಗ ಸ್ವಂತ ಸ್ಟುಡಿಯೊ ಇತ್ತು. ಡಿಸ್ನಿ, ಫಾಕ್ಸ್ ಕೂಡ ಬ್ಲೂ-ರೇ ಕಡೆ. ಯೂನಿವರ್ಸಲ್ ಎಚ್‌ಡಿ ಡಿವಿಡಿಗೆ ನಿಷ್ಠ. ವಾರ್ನರ್ ಮತ್ತು ಪ್ಯಾರಮೌಂಟ್ ಎರಡರಲ್ಲೂ ಸಿನಿಮಾ ಬಿಡುಗಡೆ ಮಾಡುತ್ತಿದ್ದವು. 2007ರ ಆಗಸ್ಟ್‌ನಲ್ಲಿ ಪ್ಯಾರಮೌಂಟ್ ಪೂರ್ತಿಯಾಗಿ ಎಚ್‌ಡಿ ಡಿವಿಡಿ ಕಡೆ ಸರಿಯಿತು. ಅದಕ್ಕೆ ಪ್ರತಿಯಾಗಿ ದೊಡ್ಡ ಮೊತ್ತ ಕೈ ಬದಲಾಯಿಸಿತೆಂದು ಪತ್ರಿಕೆಗಳು ಬರೆದವು. ನವೆಂಬರ್‌ನಲ್ಲಿ ತೋಷಿಬಾದ ಪ್ಲೇಯರ್ ವಾಲ್‌ಮಾರ್ಟ್ ಅಂಗಡಿಗಳಲ್ಲಿ ನೂರು ಡಾಲರ್‌ಗಿಂತ ಕೆಳಗಿಳಿಯಿತು. ಆದರೆ ಆ ವರ್ಷದ ಕೊನೆಗೆ ಪ್ಲೇಸ್ಟೇಷನ್ 3ರ ಸಂಖ್ಯೆ ಒಂದು ಕೋಟಿ ಮುಟ್ಟಿತ್ತು. ಅದನ್ನು ಕೊಂಡವರೆಲ್ಲ ಸಿನಿಮಾ ಡಿಸ್ಕ್ ಕೊಳ್ಳುವವರಲ್ಲ ಎಂದು ತೋಷಿಬಾ ಬಳಗ ವಾದಿಸುತ್ತಿತ್ತು, ಆ ವಾದ ಸುಳ್ಳೂ ಅಲ್ಲ. ಆದರೆ ಕೋಟಿಯಲ್ಲಿ ಒಂದು ಪಾಲು ಕೊಂಡರೂ ತಕ್ಕಡಿ ವಾಲುತ್ತದೆ. ಅಮೆರಿಕದ ಡಿಸ್ಕ್ ಮಾರಾಟದಲ್ಲಿ 2007ರ ಉದ್ದಕ್ಕೂ ಬ್ಲೂ-ರೇಯೇ ಮುಂದಿತ್ತು.

2008ರ ಜನವರಿ 4ರಂದು, ಲಾಸ್ ವೇಗಸ್‌ನ ಎಲೆಕ್ಟ್ರಾನಿಕ್ಸ್ ಮೇಳಕ್ಕೆ ಕೆಲವೇ ದಿನ ಮೊದಲು, ವಾರ್ನರ್ ಇನ್ನು ಮುಂದೆ ಬ್ಲೂ-ರೇ ಮಾತ್ರ ಎಂದು ಘೋಷಿಸಿತು. ಎಚ್‌ಡಿ ಡಿವಿಡಿ ಬಳಗ ಮೇಳದಲ್ಲಿ ಕರೆದಿದ್ದ ಪತ್ರಿಕಾಗೋಷ್ಠಿಯನ್ನು ರದ್ದುಮಾಡಿತು. ಫೆಬ್ರುವರಿಯಲ್ಲಿ ನೆಟ್‌ಫ್ಲಿಕ್ಸ್, ಬೆಸ್ಟ್ ಬೈ, ವಾಲ್‌ಮಾರ್ಟ್ ಒಂದರ ಹಿಂದೊಂದು ಬ್ಲೂ-ರೇ ಕಡೆ ನಡೆದವು. ಫೆಬ್ರುವರಿ 19ರಂದು, ಬ್ಲೂ-ರೇ ಪ್ರಕಟವಾಗಿ ಸರಿಯಾಗಿ ಆರು ವರ್ಷಕ್ಕೆ, ತೋಷಿಬಾ ಎಚ್‌ಡಿ ಡಿವಿಡಿಯನ್ನು ಕೈಬಿಟ್ಟಿತು. ಕೆಲವೇ ದಿನಗಳಲ್ಲಿ ಮೈಕ್ರೋಸಾಫ್ಟ್ ತನ್ನ ಬಿಡಿ ಡ್ರೈವ್‌ನ ತಯಾರಿಕೆ ನಿಲ್ಲಿಸಿತು. 2009ರಲ್ಲಿ ತೋಷಿಬಾ ತಾನೂ ಬ್ಲೂ-ರೇ ಪ್ಲೇಯರ್ ಮಾಡತೊಡಗಿತು.

ಗೆಲುವಿನ ಬೆಳೆ ಸೋನಿ ಎಣಿಸಿದಷ್ಟು ಬರಲಿಲ್ಲ. ಡಿಸ್ಕ್‌ಗಳನ್ನು ಅಂಚೆಯಲ್ಲಿ ಬಾಡಿಗೆಗೆ ಕಳಿಸುತ್ತಿದ್ದ ನೆಟ್‌ಫ್ಲಿಕ್ಸ್ 2007ರಲ್ಲೇ ಇಂಟರ್‌ನೆಟ್ ಮೂಲಕ ಸಿನಿಮಾ ಹರಿಸಲು ಶುರುಮಾಡಿತ್ತು. ಡಿವಿಡಿ ಏರಿದ ಎತ್ತರಕ್ಕೆ ಬ್ಲೂ-ರೇ ಎಂದೂ ಏರಲಿಲ್ಲ. ಕನ್ಸೋಲ್‌ಗಳಲ್ಲಿ ಮಾತ್ರ ಅದು ಬೇರೂರಿತು: 2013ರ ಎಕ್ಸ್‌ಬಾಕ್ಸ್ ಒನ್‌ನಲ್ಲಿ ಮೈಕ್ರೋಸಾಫ್ಟ್ ಕೂಡ ಬ್ಲೂ-ರೇ ಡ್ರೈವ್ ಇಟ್ಟಿತು. 2016ರಲ್ಲಿ ನಾಲ್ಕು ಪಟ್ಟು ಬಿಂದುಗಳ ಅಲ್ಟ್ರಾ ಎಚ್‌ಡಿ ಬ್ಲೂ-ರೇ ಬಂದಾಗ ಅದನ್ನು ಓದುವ ಡ್ರೈವ್ ಇದ್ದದ್ದು ಮೈಕ್ರೋಸಾಫ್ಟಿನ ಎಕ್ಸ್‌ಬಾಕ್ಸ್ ಒನ್ ಎಸ್‌ನಲ್ಲಿ. ಸೋನಿಯ ಪ್ಲೇಸ್ಟೇಷನ್ 4 ಪ್ರೊದಲ್ಲಿ ಅಲ್ಲ. 2024ರ ನವೆಂಬರ್‌ನಲ್ಲಿ ಮಾರಾಟಕ್ಕೆ ಬಂದ ಪ್ಲೇಸ್ಟೇಷನ್ 5 ಪ್ರೊದಲ್ಲಿ ಡಿಸ್ಕ್ ಡ್ರೈವೇ ಇಲ್ಲ; ಬೇಕಾದವರು ಅದನ್ನು ಬೇರೆಯಾಗಿ ಕೊಂಡು ಜೋಡಿಸಿಕೊಳ್ಳಬೇಕು.