26 ವಾರ ಮುಗಿದ ಮೇಲೆ ಮಗು ಯಾರ ಹತ್ತಿರ?

ದೇವನಹಳ್ಳಿ ತಾಲ್ಲೂಕಿನ ನಲ್ಲೂರಿನಲ್ಲಿ ಅಕ್ಕಪಕ್ಕದ ಮನೆಯ ಇಬ್ಬರು ಹೆಣ್ಣುಮಕ್ಕಳು ಬಸುರಿಯರು ಎಂದಿಟ್ಟುಕೊಳ್ಳಿ. ಒಬ್ಬಾಕೆ ದೊಡ್ಡಬಳ್ಳಾಪುರದ ಗಾರ್ಮೆಂಟ್ಸ್‌ಗೆ ಹೋಗುತ್ತಾಳೆ, ಇನ್ನೊಬ್ಬಾಕೆ ದ್ರಾಕ್ಷಿ ತೋಟದ ಕೂಲಿಗೆ. ಹೆರಿಗೆಯ ನೋವು ಇಬ್ಬರಿಗೂ ಒಂದೇ. ಕಾನೂನು ಕೊಡುವುದು ಮಾತ್ರ ಒಂದೇ ಅಲ್ಲ.

ಮೊದಲನೆಯವಳಿಗೆ 26 ವಾರ ಸಂಬಳ ಸಹಿತ ರಜೆ ಉಂಟು. 1961ರ ಹೆರಿಗೆ ಸೌಲಭ್ಯ ಕಾಯ್ದೆಯಲ್ಲಿ 12 ವಾರವಿದ್ದದ್ದನ್ನು 2017ರಲ್ಲಿ ಹೆಚ್ಚಿಸಿದರು. 2020ರ ಸಾಮಾಜಿಕ ಭದ್ರತಾ ಸಂಹಿತೆಯೂ ಅದನ್ನೇ ಉಳಿಸಿಕೊಂಡಿತು. ಈಗಾಗಲೇ ಇಬ್ಬರು ಮಕ್ಕಳಿದ್ದರೆ 12 ವಾರ ಮಾತ್ರ. ಆಕೆ ಇ.ಎಸ್.ಐ.ಗೆ ಸೇರಿದ್ದರೆ ಈ ಹಣ ಕೊಡುವುದು ಕಾರ್ಖಾನೆಯಲ್ಲ, ಇ.ಎಸ್.ಐ. ನಿಗಮ. ನೂರು ರೂಪಾಯಿ ಸಂಬಳಕ್ಕೆ ಕಾರ್ಮಿಕಳಿಂದ 75 ಪೈಸೆ, ಮಾಲೀಕನಿಂದ ಮೂರೂಕಾಲು ರೂಪಾಯಿ ಹಿಡಿದು ಕೂಡಿಟ್ಟ ನಿಧಿ ಅದು. ಹಿಂದಿನ ಎರಡು ವಂತಿಗೆ ಅವಧಿಗಳಲ್ಲಿ, ಅಂದರೆ ಆರಾರು ತಿಂಗಳ ಎರಡು ಕಂತುಗಳಲ್ಲಿ, ಒಟ್ಟು 70 ದಿನದ ವಂತಿಗೆ ಬಿದ್ದಿರಬೇಕು. ಆದ್ದರಿಂದ ಫ್ಯಾಕ್ಟರಿ ಬದಲಿಸಿದಾಗ ಹೊಸ ಇ.ಎಸ್.ಐ. ನಂಬರ್ ಮಾಡಿಸಬೇಡಿ, ಹಳೆಯದನ್ನೇ ಕೊಡಿ. ದುಡಿದ ದಿನಗಳು ಎರಡು ನಂಬರ್‌ಗಳಲ್ಲಿ ಹಂಚಿಹೋದರೆ ಬಸುರಿ ಹೆಂಗಸು ಕಚೇರಿಗೆ ಅಲೆಯಬೇಕಾಗುತ್ತದೆ.

ದುಡ್ಡು ಯಾರ ಕೈಯಿಂದ ಬರುತ್ತದೆ ಎನ್ನುವುದೇ ಇಲ್ಲಿ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ. ಇ.ಎಸ್.ಐ. ಇಲ್ಲದ ಕಡೆ 26 ವಾರದ ಸಂಬಳ ಪೂರ್ತಿ ಮಾಲೀಕನ ತಲೆಯ ಮೇಲೆ ಬೀಳುತ್ತದೆ. ಆಗ ಹೊಸದಾಗಿ ಮದುವೆಯಾದವಳನ್ನು ಕೆಲಸಕ್ಕೆ ಸೇರಿಸಿಕೊಳ್ಳಲು ಹಿಂದೆಮುಂದೆ ನೋಡುವವರಿರುತ್ತಾರೆ. ಹೆಣ್ಣಿಗೆಂದು ಮಾಡಿದ ಕಾನೂನೇ ಅವಳ ಕೆಲಸಕ್ಕೆ ಅಡ್ಡ ಬರುತ್ತದೆ. ಈ ಹಣ ಸಾಮಾಜಿಕ ವಿಮೆಯಿಂದಲೋ ಸರ್ಕಾರದ ನಿಧಿಯಿಂದಲೋ ಬರಬೇಕೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 2000ದ ಒಡಂಬಡಿಕೆ ಹೇಳುವುದು ಇದಕ್ಕೇ. ಇನ್ನೊಂದು ದಾರಿಯೂ ಇದೆ. ಸ್ವೀಡನ್ 1974ರಲ್ಲೇ ಸಂಬಳದ ರಜೆಯನ್ನು ಅಪ್ಪಂದಿರಿಗೂ ತೆರೆಯಿತು. ಈಗ ಅಲ್ಲಿನ 480 ದಿನಗಳಲ್ಲಿ 90 ದಿನ ಅಪ್ಪನಿಗೇ ಮೀಸಲು, ಅಮ್ಮನಿಗೆ ಬಿಟ್ಟುಕೊಡುವಂತಿಲ್ಲ. ರಜೆ ಗಂಡಸಿಗೂ ಇದ್ದರೆ ಹೆಣ್ಣೊಬ್ಬಳನ್ನೇ ದೂರವಿಡಲು ಮಾಲೀಕನಿಗೆ ಕಾರಣ ಉಳಿಯುವುದಿಲ್ಲ.

ದ್ರಾಕ್ಷಿ ತೋಟದವಳಿಗೆ ರಜೆಯೆಂಬುದೇ ಇಲ್ಲ. ಅವಳ ಪಾಲಿಗಿರುವುದು ಪ್ರಧಾನಮಂತ್ರಿ ಮಾತೃವಂದನಾ ಯೋಜನೆ: ಮೊದಲ ಮಗುವಿಗೆ 5,000 ರೂಪಾಯಿ, ಎರಡನೆಯದು ಹೆಣ್ಣಾದರೆ 6,000. ಅಂಗನವಾಡಿ ಕಾರ್ಯಕರ್ತೆಯ ಬಳಿ ತಾಯಿ ಕಾರ್ಡ್, ಆಧಾರ್, ಬ್ಯಾಂಕ್ ಪಾಸ್‌ಬುಕ್ ಕೊಟ್ಟು ಬೇಗ ಹೆಸರು ಬರೆಸಬೇಕು. ಆರು ತಿಂಗಳ ಕೂಲಿಗೆ ಇದು ಏನೇನೂ ಸಾಲದು. ಎದೆಹಾಲು ಬಿಡಿಸುವ ಮೊದಲೇ ಆಕೆ ತೋಟಕ್ಕೆ ಮರಳುವುದು ಇದರಿಂದಲೇ.

ಕೆಲಸಕ್ಕೆ ಮರಳುವಾಗ ಮಾತ್ರ ಇಬ್ಬರ ಕಷ್ಟವೂ ಒಂದೇ ಆಗುತ್ತದೆ. 50 ಜನಕ್ಕಿಂತ ಕಡಿಮೆಯಿಲ್ಲದ ಕೆಲಸದ ಜಾಗದಲ್ಲಿ ಶಿಶುಪಾಲನಾ ಕೇಂದ್ರ ಇರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಮಗುವನ್ನು ನೋಡಿ ಬರಬಹುದು ಎಂದು ಕಾನೂನಿದೆ. ಆದರೆ ಬೆಳಗಿನ ಗಾರ್ಮೆಂಟ್ಸ್ ವ್ಯಾನಿನ ನೂಕುನುಗ್ಗಲಿನಲ್ಲಿ ಏಳು ತಿಂಗಳ ಕೂಸನ್ನು ಕರೆದೊಯ್ಯುವುದು ಹೇಗೆ? ಅಜ್ಜಿಯಿದ್ದರೆ ಸರಿ, ಇಲ್ಲದಿದ್ದರೆ ಕೆಲಸ ಬಿಡಬೇಕು. ಆದ್ದರಿಂದ ಕೂಸನ್ನು ನೋಡಿಕೊಳ್ಳುವ ಜಾಗ ಊರಿನಲ್ಲೇ ಇರಬೇಕು. ಅಂಗನವಾಡಿ ಶಾಲೆಗೆ ಮಕ್ಕಳು ಬರುವುದು ಮೂರು ವರ್ಷದ ಮೇಲೆ. ಅದಕ್ಕೂ ಚಿಕ್ಕವರಿಗಾಗಿ 2023–24ರ ರಾಜ್ಯ ಬಜೆಟ್ 4,000 ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ಎಂಬ ಶಿಶುಪಾಲನಾ ಕೇಂದ್ರಗಳನ್ನು ಘೋಷಿಸಿತು, ಮುಖ್ಯವಾಗಿ ಉದ್ಯೋಗ ಖಾತ್ರಿ ಕೂಲಿಯವರ ಮಕ್ಕಳಿಗೆ. ನಿಮ್ಮ ಪಂಚಾಯಿತಿಯಲ್ಲಿ ಅದು ಇದೆಯೇ, ಗಾರ್ಮೆಂಟ್ಸ್ ಶಿಫ್ಟ್ ಮುಗಿದು ತಾಯಿ ಬರುವವರೆಗೆ ತೆರೆದಿರುತ್ತದೆಯೇ ಎಂದು ಗ್ರಾಮಸಭೆಯಲ್ಲಿ ಕೇಳಿ; ಕೇಳಿದ್ದನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ.