ಬೀದಿ, ಬಿಸಿಲು ಮತ್ತು ಮಸೂರ

ಬೈಲಹೊಂಗಲದ ಪೇಟೆಯಲ್ಲಿ ಸಂತೆಯ ದಿನ ಕೆಲವು ವರ್ಷಗಳ ಹಿಂದೆ ನಾನೊಂದು ಛಾಯಾಚಿತ್ರ ತೆಗೆದೆನು. ಅಂಗಡಿಯೊಂದರ ಮುಂದೆ ಕಟ್ಟಿದ್ದ ನೀಲಿ ತಾಡಪತ್ರಿಯ ನೆರಳಿನಲ್ಲಿ ಒಂದು ರೈತ ಕುಟುಂಬ ಸಾಲಾಗಿ ನಿಂತಿತ್ತು. ಅವರ ಪಕ್ಕದಲ್ಲಿ, ಬಿಸಿಲಿನಲ್ಲಿ, ಹತ್ತಿ ಹೇರಿದ ಚಕ್ಕಡಿ. ಸಾಲಿನ ಎಡತುದಿಯಲ್ಲಿ ಒಬ್ಬ ಮುದುಕಿ. ಪ್ರತಿಯೊಂದನ್ನು ಅವರಿಗೆ ಕಳಿಸಿ ನಾನು ಮರೆತುಬಿಟ್ಟಿದ್ದೆ. ಎರಡು ವರ್ಷಗಳ ತರುವಾಯ ಆಕೆಯ ಮೊಮ್ಮಗ ನನ್ನನ್ನು ಹುಡುಕಿಕೊಂಡು ಬಂದನು. ಮುದುಕಿ ತೀರಿಕೊಂಡಿದ್ದಳು, ಗೋಡೆಗೆ ಹಾಕಲು ಆಕೆಯ ಬೇರೆ ಚಿತ್ರವೇ ಇರಲಿಲ್ಲ. ಹುಡುಗನು ಸಂಕೋಚದಿಂದಲೇ ಹೇಳಿದನು: “ಸರ, ನಮ್ಮ ಆಯಿ ಮಾರಿ ಇಷ್ಟ ಅಗಲ ಇರಲಿಲ್ರಿ. ಇಷ್ಟ ಕಪ್ಪೂ ಇರಲಿಲ್ಲ.”

ಅವನ ಮಾತು ನಿಜವಾಗಿತ್ತು. ಮುಖ ಅಗಲವಾಗಿತ್ತು, ಕಪ್ಪಿಟ್ಟಿತ್ತು, ಸಾಲದುದಕ್ಕೆ ನೀಲಿಗಟ್ಟಿತ್ತು. ಕ್ಯಾಮೆರಾ ಸುಳ್ಳು ಹೇಳುವುದಿಲ್ಲವೆಂದು ನಂಬುವವರು ಇಂಥ ಚಿತ್ರವನ್ನೊಮ್ಮೆ ನೋಡಬೇಕು.

ಮೊದಲು ಕಪ್ಪಿನ ವಿಚಾರ. ಕ್ಯಾಮೆರಾದೊಳಗಿನ ಬೆಳಕಿನ ಮಾಪಕಕ್ಕೆ ತನ್ನೆದುರಿಗಿರುವುದು ಹತ್ತಿಯೋ ಕಂಬಳಿಯೋ ತಿಳಿಯದು. ದೃಶ್ಯವು ಒಟ್ಟಿನಲ್ಲಿ ತನ್ನ ಮೇಲೆ ಬಿದ್ದ ಬೆಳಕಿನ ನೂರಕ್ಕೆ ಸುಮಾರು 18 ಪಾಲನ್ನು ಹಿಂದಕ್ಕೆ ಕಳಿಸುತ್ತದೆ ಎಂಬ ಒಂದೇ ಊಹೆಯ ಮೇಲೆ ಅದು ಲೆಕ್ಕ ಹಾಕುವುದು. ಬಿಳಿಯ ಹತ್ತಿ ನೂರಕ್ಕೆ 80ಕ್ಕೂ ಮಿಕ್ಕಿ ಪ್ರತಿಫಲಿಸೀತು. ಕುರುಬನ ಕರಿ ಕಂಬಳಿ ನಾಲ್ಕೈದು ಪಾಲು ಮಾತ್ರ. ಚೌಕಟ್ಟಿನ ತುಂಬ ಹತ್ತಿಯೇ ಇದ್ದರೆ ಮಾಪಕವು ಬೆಳಕು ಬಹಳವಾಯಿತೆಂದು ಬಗೆದು ಅದನ್ನು ಮೊಟಕುಮಾಡುತ್ತದೆ. ಹತ್ತಿ ಬೂದುಬಣ್ಣಕ್ಕೆ ತಿರುಗುತ್ತದೆ. ಕಂಬಳಿಯೇ ಇದ್ದರೆ ಹೆಚ್ಚಿಸುತ್ತದೆ, ಅದೂ ಬೂದುಬಣ್ಣವೇ! ಮೊದಲನೆಯದಕ್ಕೆ ಎರಡು ಸ್ಟಾಪಿನಷ್ಟು ಬೆಳಕನ್ನು ನಾವೇ ಕೂಡಿಸಬೇಕು, ಎರಡನೆಯದಕ್ಕೆ ಅಷ್ಟನ್ನೇ ಕಳೆಯಬೇಕು. ಒಂದು ಸ್ಟಾಪ್ ಎಂದರೆ ಬೆಳಕು ಇಮ್ಮಡಿಯಾಗುವುದು ಇಲ್ಲವೆ ಅರ್ಧವಾಗುವುದು.

ಬಿಸಿಲಿಗೂ ತೆರೆದ ನೆರಳಿಗೂ ನಡುವಿನ ಅಂತರವೇ ಮೂರು ನಾಲ್ಕು ಸ್ಟಾಪು, ಅಂದರೆ ಎಂಟರಿಂದ ಹದಿನಾರು ಪಟ್ಟು. ನಮ್ಮ ಕಣ್ಣು ಕ್ಷಣಾರ್ಧದಲ್ಲಿ ಹೊಂದಿಕೊಳ್ಳುವುದರಿಂದ ಇದು ನಮ್ಮ ಅರಿವಿಗೆ ಬರುವುದಿಲ್ಲ. ನನ್ನ ಚಿತ್ರದಲ್ಲಿ ಮಾಪಕವು ಬಿಸಿಲಿನ ಹತ್ತಿಯನ್ನು ಕಂಡು ಬೆದರಿತು. ನೆರಳಿನ ಮುಖಗಳು ಕತ್ತಲಾದವು. ಮಾಪಕವಿಲ್ಲದ ಹಳೆಯ ಛಾಯಾಗ್ರಾಹಕರು ಇಂಥ ತಪ್ಪಿಗೆ ಅಷ್ಟಾಗಿ ಬೀಳುತ್ತಿರಲಿಲ್ಲ. ಅವರು ಅಳೆಯುತ್ತಿದ್ದುದು ವಸ್ತುವನ್ನಲ್ಲ, ಅದರ ಮೇಲೆ ಬೀಳುವ ಬಿಸಿಲನ್ನು. ನಿಚ್ಚಳ ಬಿಸಿಲಿನಲ್ಲಿ ರಂಧ್ರವನ್ನು ಎಫ್/16ಕ್ಕೆ ಇಟ್ಟು, ಫಿಲ್ಮಿನ ವೇಗ 100 ಇದ್ದರೆ ಷಟರನ್ನು ಸೆಕೆಂಡಿನ ನೂರನೆಯ ಒಂದು ಪಾಲು ತೆರೆಯುವುದು ಅವರ ಸೂತ್ರ. ಈ ಸೀಮೆಯ ಅಕ್ಷಾಂಶ ಸುಮಾರು 15.8 ಡಿಗ್ರಿ ಉತ್ತರ. ಬನದ ಹುಣ್ಣಿಮೆಯ ಕಾಲದಲ್ಲಿ ನಡುಹಗಲಿನ ಸೂರ್ಯ 50 ಡಿಗ್ರಿಗಿಂತ ಮೇಲಿರುತ್ತಾನೆ. ಮೇ ತಿಂಗಳ ಮೊದಲ ವಾರದಲ್ಲಿ ಮತ್ತು ಆಗಸ್ಟಿನ ಎರಡನೆಯ ವಾರದಲ್ಲಿ ನೆತ್ತಿಯ ಮೇಲೆಯೇ ಹಾದುಹೋಗುತ್ತಾನೆ. ಆಗ ರುಮಾಲಿನ ಕೆಳಗಿನ ಕಣ್ಣುಗಳು ಬರಿಯ ಕುಳಿಗಳಾಗಿ ಕಾಣುತ್ತವೆ. ಮುಖ ಬೇಕಾದವರು ಆ ಹೊತ್ತಿನಲ್ಲಿ ಕ್ಯಾಮೆರಾ ಮುಚ್ಚಿಡುವುದೇ ಲೇಸು.

ಬಣ್ಣದ ಪರೀಕ್ಷೆಗೆ ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕಿಂತ ಕಠಿನವಾದ ಸ್ಥಳವನ್ನು ನಾನು ಕಂಡಿಲ್ಲ. ಹುಣ್ಣಿಮೆಯ ಜಾತ್ರೆಗಳಲ್ಲಿ ಭಕ್ತರು ಭಂಡಾರ ಎರಚುತ್ತಾರೆ. ನೆಲ, ಬಟ್ಟೆ, ಹಣೆ ಎಲ್ಲವೂ ಅರಿಸಿನಮಯ. ಅರಿಸಿನದಲ್ಲಿರುವ ಕರ್ಕ್ಯುಮಿನ್ ಎಂಬ ದ್ರವ್ಯವು ನೇರಿಳೆ ಮತ್ತು ನೀಲಿ ಕಿರಣಗಳನ್ನು ಹೀರಿಕೊಂಡು, ಹಸಿರು ಕೆಂಪುಗಳನ್ನು ಹಿಂದಕ್ಕೆ ಬಿಡುತ್ತದೆ. ಹಸಿರೂ ಕೆಂಪೂ ಕೂಡಿದ್ದೇ ನಮ್ಮ ಕಣ್ಣಿಗೆ ಹಳದಿ.

ಇಂದಿನ ಕ್ಯಾಮೆರಾದ ಸಂವೇದಕದ ಮೇಲೆ ಅತಿಸೂಕ್ಷ್ಮವಾದ ಬಣ್ಣದ ಸೋಸುಗಳನ್ನು ಚದುರಂಗದ ಮಣೆಯಂತೆ ಹರಡಿರುತ್ತಾರೆ: ಅರ್ಧಪಾಲು ಹಸಿರು, ಕಾಲುಪಾಲು ಕೆಂಪು, ಕಾಲುಪಾಲು ನೀಲಿ. ಕೊಡಾಕ್ ಸಂಸ್ಥೆಯ ಬ್ರೈಸ್ ಬೇಯರ್ ಇದಕ್ಕೆ ಪೇಟೆಂಟ್ ಪಡೆದದ್ದು 1976ರಲ್ಲಿ. ಪ್ರತಿಯೊಂದು ಕೋಶವನ್ನೂ ಮಳೆಯಲ್ಲಿಟ್ಟ ಕೊಡವೆಂದು ಭಾವಿಸಿರಿ. ಭಂಡಾರದ ಎದುರು ಕೆಂಪಿನ ಕೊಡ ಎಲ್ಲಕ್ಕಿಂತ ಮೊದಲು ತುಂಬುತ್ತದೆ, ನೀಲಿಯದು ತಳದಲ್ಲಿಯೇ ಉಳಿಯುತ್ತದೆ. ಮೂರರ ಸರಾಸರಿ ನೋಡಿದ ಮಾಪಕವು ಎಲ್ಲ ಸರಿಯಿದೆ ಎನ್ನುತ್ತದೆ. ಆದರೆ ತುಂಬಿದ ಕೊಡಕ್ಕೆ ಇನ್ನಷ್ಟು ಸುರಿದರೆ ಲೆಕ್ಕ ಸಿಗುವುದಿಲ್ಲ. ಹಸಿರು ಮಾತ್ರ ಏರುತ್ತ ಹೋಗಿ, ಅರಿಸಿನದ ಹೊನ್ನಿನ ಬಣ್ಣ ನಿಂಬೆಹಣ್ಣಿನ ಬಣ್ಣವಾಗುತ್ತದೆ. ಸೀರೆಯ ನಿರಿಗೆಗಳು ಅಳಿಸಿಹೋಗಿ ಹಳದಿ ಕಾಗದ ಅಂಟಿಸಿದಂತಾಗುತ್ತದೆ. ಒಂದು ಸ್ಟಾಪು ಕಡಿಮೆ ಬೆಳಕು ಕೊಡುವುದು ಇದಕ್ಕೆ ಮದ್ದು. ಕತ್ತಲೆಯಲ್ಲಿ ಉಳಿದ ವಿವರವನ್ನು ಆಮೇಲೆ ಬಹಳಮಟ್ಟಿಗೆ ಎತ್ತಬಹುದು, ಚೆಲ್ಲಿಹೋದುದನ್ನು ಎತ್ತಲಾಗದು.

ಅದೇ ಭಂಡಾರದ ರಾಶಿಯನ್ನು ನೀಲಿ ತಾಡಪತ್ರಿಯ ಕೆಳಗಿಟ್ಟರೆ ಮಂಕಾಗಿ ಕಪ್ಪಿಡುವುದನ್ನು ನೀವೇ ನೋಡಬಹುದು. ಅದು ಹಿಂದಕ್ಕೆ ಕಳಿಸಬಲ್ಲ ಕಿರಣಗಳೇ ಅಲ್ಲಿಗೆ ವಿರಳವಾಗಿ ತಲುಪುತ್ತವೆ. ಬಣ್ಣವು ವಸ್ತುವಿನಲ್ಲಿದೆಯೋ, ಬೆಳಕಿನಲ್ಲಿದೆಯೋ, ಕಣ್ಣಿನಲ್ಲಿದೆಯೋ ಎಂಬ ಪ್ರಶ್ನೆ ಸಣ್ಣದಲ್ಲ. ಸರ್ ಸಿ. ವಿ. ರಾಮನ್‌ರು ಬೆಂಗಳೂರಿನಲ್ಲಿ ತಮ್ಮ ಮುಪ್ಪಿನ ವರ್ಷಗಳಲ್ಲಿ ಹೂಗಳ ಬಣ್ಣವನ್ನೂ ದೃಷ್ಟಿಯನ್ನೂ ಅಭ್ಯಸಿಸಿ 1968ರಲ್ಲಿ ಒಂದು ಗ್ರಂಥವನ್ನೇ ಹೊರತಂದರು. ಮುದುಕಿಯ ಮುಖದ ನೀಲಿಗೆ ಮಾತ್ರ ಕಾರಣ ಸರಳ: ತಾಡಪತ್ರಿ.

ಇನ್ನು ಅಗಲದ ವಿಚಾರ. ಬೀದಿಯ ಚಿತ್ರ ತೆಗೆಯುವವರು ವಿಶಾಲಕೋನ ಮಸೂರವನ್ನು ಮೆಚ್ಚುವುದಕ್ಕೆ ಕಾರಣವುಂಟು. 36 ಮಿಲಿಮೀಟರ್ ಅಗಲದ ಚೌಕಟ್ಟಿನ ಮೇಲೆ 50 ಮಿಲಿಮೀಟರ್ ಸಂಗಮದೂರದ ಮಸೂರವು ಅಡ್ಡಲಾಗಿ ಸುಮಾರು 40 ಡಿಗ್ರಿ ನೋಡಿದರೆ, 28 ಮಿಲಿಮೀಟರಿನದು 65 ಡಿಗ್ರಿ ನೋಡುತ್ತದೆ. ಅದನ್ನು ಎಫ್/8ಕ್ಕೆ ಇಟ್ಟು ಮೂರುಕಾಲು ಮೀಟರ್ ದೂರಕ್ಕೆ ಹೊಂದಿಸಿದರೆ, ಸುಮಾರು 1.7 ಮೀಟರಿನಿಂದ ಹಿಡಿದು ಕಣ್ಣಿಗೆ ಕಾಣುವಷ್ಟು ದೂರದವರೆಗೆ ಎಲ್ಲವೂ ಸ್ಫುಟ. ಮತ್ತೆ ಹೊಂದಿಸುವ ಗೊಡವೆಯಿಲ್ಲ. ನಿಮ್ಮ ಜೇಬಿನ ಮೊಬೈಲಿನ ಮುಖ್ಯ ಮಸೂರವೂ ಬಹುಮಟ್ಟಿಗೆ ಇದೇ ಜಾತಿಯದು.

ಆದರೆ ಅಂಚಿನಲ್ಲಿ ಅದಕ್ಕೆ ಸುಂಕ ತೆರಬೇಕು. ಅಕ್ಷದಿಂದ ವಾಲಿದ ಕಿರಣದ ಪ್ರಕಾಶವು ಆ ಕೋನದ ಕೊಸೈನಿನ ನಾಲ್ಕನೆಯ ಘಾತದಂತೆ ಇಳಿಯುತ್ತದೆ. 28 ಮಿಲಿಮೀಟರ್ ಮಸೂರದ ಪಕ್ಕದಂಚಿನಲ್ಲಿ ಆ ಕೋನ ಸುಮಾರು 33 ಡಿಗ್ರಿ. ಲೆಕ್ಕ ಹಾಕಿದರೆ ಬೆಳಕು ಅರ್ಧಕ್ಕಿಳಿಯುತ್ತದೆ. (ಈಗಿನ ಮಸೂರಗಳ ರಚನೆ ಈ ನಷ್ಟವನ್ನು ಕೊಂಚ ತುಂಬಿಕೊಡುತ್ತದೆ.) ಎರಡನೆಯದಾಗಿ ಹಿಗ್ಗುವಿಕೆ. ಅಂಗಡಿಯ ಹಲಗೆಯಂಥ ಚಪ್ಪಟೆಯಾದ ವಸ್ತು ಸಂವೇದಕಕ್ಕೆ ಸಮಾಂತರವಾಗಿದ್ದರೆ ಅಂಚಿನಲ್ಲಿಯೂ ಆಕಾರ ಕೆಡದು. ಗುಂಡಗಿನ ವಸ್ತು ಕೆಡುತ್ತದೆ, ತಲೆ ಗುಂಡಗಿದೆಯಷ್ಟೆ. 33 ಡಿಗ್ರಿಯಲ್ಲಿ ಗೋಲದ ಬಿಂಬವು ಎತ್ತರಕ್ಕಿಂತ ಅಗಲದಲ್ಲಿ ಹೆಚ್ಚುಕಡಿಮೆ ಐದನೆಯ ಒಂದು ಪಾಲು ಹಿಗ್ಗುತ್ತದೆ. ಇದು ಮಸೂರದ ದೋಷವಲ್ಲ; ಎಷ್ಟೇ ಬೆಲೆಯ ಮಸೂರ ಕೊಂಡರೂ ತಪ್ಪದು. ಸುತ್ತಲಿನ ಲೋಕವನ್ನು ಚಪ್ಪಟೆ ಹಾಳೆಗೆ ಇಳಿಸುವಾಗ ಏನನ್ನಾದರೂ ಬಿಟ್ಟುಕೊಡಲೇಬೇಕು. ಭೂಪಟದಲ್ಲಿ ಗ್ರೀನ್‌ಲೆಂಡ್ ಉಬ್ಬಿಕೊಂಡಿರುವುದೂ ಇದೇ ಬಗೆಯ ಇಕ್ಕಟ್ಟಿನಿಂದ. ಈ ಮಸೂರ ಗೆರೆಗಳನ್ನು ನೇರವಾಗಿಡುತ್ತದೆ, ಮುಖಗಳನ್ನು ಬಿಟ್ಟುಕೊಡುತ್ತದೆ. ಹಿರಿಯರನ್ನು ಸಾಲಿನ ನಡುವೆ ನಿಲ್ಲಿಸುವುದು, ಇಲ್ಲವೆ ನಾಲ್ಕು ಹೆಜ್ಜೆ ಹಿಂದೆ ಸರಿಯುವುದು ನನ್ನ ಕೈಯಲ್ಲಿತ್ತು.

ಮೊಮ್ಮಗನನ್ನು ಕೂರಿಸಿಕೊಂಡು ಗಣಕಯಂತ್ರದಲ್ಲಿ ಚಿತ್ರವನ್ನು ತೆರೆದೆ. ನೆರಳನ್ನು ಎರಡು ಸ್ಟಾಪು ಎತ್ತಿದೆ. ಸ್ವಲ್ಪ ಮರಳು ಚೆಲ್ಲಿದಂತಾದರೂ ಕಣ್ಣು ಕಾಣಿಸಿದವು. ಅದೇ ನೆರಳಿನಲ್ಲಿದ್ದ ಅವನ ತಂದೆಯ ಧೋತರವನ್ನು ಬಿಳುಪಿನ ಗುರುತಾಗಿಟ್ಟುಕೊಂಡು ನೀಲಿಯನ್ನು ತೆಗೆದೆ. ಕೊನೆಗೆ ಬಿಂಬವನ್ನು ಬೇರೊಂದು ಪ್ರಕ್ಷೇಪಕ್ಕೆ ಒಗ್ಗಿಸಿದೆ. ಮುಖ ಮೆಲ್ಲಗೆ ಕಿರಿದಾಯಿತು. ಅದಕ್ಕೆ ಬದಲಾಗಿ ಹಿಂದಿನ ಅಂಗಡಿಯ ಕಟ್ಟಿಗೆಯ ಕಂಬ ಬಿಲ್ಲಿನಂತೆ ಬಾಗಿತು.

“ಈಗ ನಮ್ಮಾಯಿ ಬಂದಳ್ರಿ,” ಎಂದನು ಹುಡುಗ. ಕಂಬವನ್ನು ಅವನು ನೋಡಲೇ ಇಲ್ಲ.